ಬಿಸಿಯಾಗಿ ಬಾಗಿದ ಸಿಲಿಂಡರ್ ಹೆಡ್: ಮನೇಲೇ ಸರಿಮಾಡೋದಾ, ಮೆಷೀನ್ ಶಾಪ್‌ಗೆ ಕೊಡೋದಾ?

ಭಾನುವಾರದ ಸ್ಪ್ಯಾನರ್
ನಮಸ್ಕಾರ. ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್, ಎರಕದ ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ), ಅದರಲ್ಲಿ ಡಬಲ್ ಕ್ಯಾಮ್ (ವಾಲ್ವ್ ತೆರೆಯೋ ದಂಡ ಎರಡು), ಹದಿನಾರು ವಾಲ್ವ್. ಹೋಸ್ ಒಡೆದು ಕೂಲೆಂಟ್ ಪೂರ್ತಿ ಖಾಲಿಯಾದ ಮೇಲೂ ಒಂದಷ್ಟು ದೂರ ಓಡಿದೆ (ಓಡಿಸಿದ್ದು ನನ್ನ ತಮ್ಮ, ಅವನ ಪಾಲಿಗೆ ಟೆಂಪರೇಚರ್ ಸೂಜಿ ಬರೀ ಅಲಂಕಾರ). ಹೋಸ್ ಬದಲಾಯಿಸಿದೆ. ಸ್ಟಾರ್ಟ್ ಆಗುತ್ತೆ, ಆದರೆ ಐಡ್ಲಿಂಗ್‌ನಲ್ಲಿ ಮಿಸ್ಸಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ, ಕೂಲೆಂಟ್ ದಿನಾ ಇಳೀತಾ ಇದೆ. ಆಯಿಲ್ ಮಾತ್ರ ಸ್ವಚ್ಛ.

ಹೆಡ್ ಇಳಿಸೋದಂತೂ ಖಚಿತ. ಇಳಿಸಿದ ಮೇಲೆ ವಾಲ್ವ್ ಸೀಲ್ ಬದಲಾಯಿಸಿ, ವಾಲ್ವ್ ಲ್ಯಾಪ್ ಮಾಡಿ (ಪೇಸ್ಟ್ ಹಚ್ಚಿ, ಅದು ಕೂರೋ ಸೀಟ್ ಮೇಲೆ ತಿರುಗಿಸಿ ತಿಕ್ಕೋದು), ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಅಂಟಿಸಿ, ಬ್ಲಾಕ್ ಮೇಲೆ ಕೂರೋ ಫೇಸ್ ನಾನೇ ಉಜ್ಜೋಣ ಅಂತಿದ್ದೀನಿ. ಸ್ಪ್ರಿಂಗ್ ಕಂಪ್ರೆಸರ್, ಟಾರ್ಕ್ ರೆಂಚ್, ಫೀಲರ್ ಗೇಜ್ ಇವೆ. ಯಾವುದು ಮನೇಲಿ ಆಗುತ್ತೆ, ಯಾವುದಕ್ಕೆ ಮೆಷೀನ್ ಶಾಪ್ ಬೇಕೇ ಬೇಕು? ಮಾಡಿದವರು ಹೇಳಿ.

ತಣ್ಣಗಿರಿ
ಮೊದಲು ತಮ್ಮನ ಕೈಯಿಂದ ಕೀ ಕಿತ್ಕೊಳ್ಳಿ. ಉಳಿದ ರಿಪೇರಿ ಆಮೇಲೆ.

ಕಾರ್ಬನ್ ಕೈ
ಇಳಿಸೋಕೆ ಮುಂಚೆ ಲೀಕ್‌ಡೌನ್ ಟೆಸ್ಟ್ ಮಾಡಿ. ಬಿಚ್ಚಿದ ಮೇಲೆ ಆ ಮಾಹಿತಿ ಬೇಕೆಂದರೂ ಸಿಗಲ್ಲ. ಒಂದೊಂದೇ ಸಿಲಿಂಡರನ್ನು ಕಂಪ್ರೆಷನ್ ಟಾಪ್‌ಗೆ ತಂದು, ಕ್ರ್ಯಾಂಕ್ ತಿರುಗದ ಹಾಗೆ ಹಿಡಿದು, ಪ್ಲಗ್ ತೂತಿನಿಂದ ಗಾಳಿ ಕೊಟ್ಟು ಕಿವಿಗೊಡಿ. ಸೈಲೆನ್ಸರ್‌ನಲ್ಲಿ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವ್. ಥ್ರಾಟಲ್ ಕಡೆ ಕೇಳಿದರೆ ಇನ್‌ಟೇಕ್. ಆಯಿಲ್ ಮುಚ್ಚಳದಲ್ಲಿ ಜೋರಾಗಿ ಬಂದರೆ ರಿಂಗ್. ಪಕ್ಕದ ಸಿಲಿಂಡರಿನ ಪ್ಲಗ್ ತೂತಿನಲ್ಲಿ ಬಂದರೆ ಎರಡರ ಮಧ್ಯೆ ಗ್ಯಾಸ್ಕೆಟ್ (ಹೆಡ್, ಬ್ಲಾಕ್ ನಡುವಿನ ಸೀಲ್) ಸುಟ್ಟಿದೆ. ರಿಂಗೇ ಹೋಗಿದ್ದರೆ ಹೆಡ್‌ಗೆ ಎಷ್ಟು ಸುರಿದರೂ ವ್ಯರ್ಥ.

ಗ್ಯಾರೇಜ್ ಹುಡುಗಿ
ಇದರ ಜೊತೆ ನೀಲಿ ದ್ರವದ ಬ್ಲಾಕ್ ಟೆಸ್ಟರ್ ಸಿಕ್ಕಿದರೆ ಅದನ್ನೂ ನೋಡಿ. ರೇಡಿಯೇಟರ್ ಬಾಯಿಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹಳದಿಗೆ ತಿರುಗುತ್ತೆ. ಉರಿದ ಗ್ಯಾಸ್ ಕೂಲೆಂಟ್‌ಗೆ ಬರ್ತಿದೆ ಅನ್ನೋದಕ್ಕೆ ಅದಕ್ಕಿಂತ ಸಲೀಸಾದ ಸಾಕ್ಷಿ ಇಲ್ಲ. ಕೂಲೆಂಟ್ ಮಾತ್ರ ಟೆಸ್ಟರ್ ಒಳಗೆ ಎಳೆದುಕೊಳ್ಳದ ಹಾಗೆ ನೋಡ್ಕೊಳ್ಳಿ, ಟೆಸ್ಟ್ ಕೆಡುತ್ತೆ.

ಹಳೇ ಪಿಸ್ಟನ್
ಇಷ್ಟೆಲ್ಲ ಟೆಸ್ಟ್ ಯಾಕಪ್ಪಾ? ಗುಳ್ಳೆ ಬರ್ತಿದೆ, ನೀರು ಇಳೀತಿದೆ, ಮಿಸ್ಸಿಂಗ್ ಇದೆ. ಗ್ಯಾಸ್ಕೆಟ್ ಹೋಗಿದೆ ಅಂತ ಕಾರೇ ಬಾಯಿಬಿಟ್ಟು ಹೇಳ್ತಿದೆ. ಇಳಿಸಿ, ಗಾಜಿನ ಮೇಲೆ ಉಜ್ಜಿ, ಹೊಸ ಗ್ಯಾಸ್ಕೆಟ್ ಹಾಕಿ ಬಿಗಿ. ನಾವೆಲ್ಲ ಹಾಗೇ ಮಾಡಿ ಓಡಿಸಿದ್ದು. ಈಗಿನವರು ಮೈಕ್ರಾನ್ ಮೈಕ್ರಾನ್ ಅಂತ ಹೆದರಿಸ್ತಾರೆ.

ಮೈಕ್ರಾನ್
ನನ್ನ ಹೆಸರು ಎಳೆದಿದ್ದಕ್ಕೆ ಬಂದೆ ಅಜ್ಜಾ. ನೀವು ಉಜ್ಜಿದ್ದು ಕಾಂಪೋಸಿಟ್ ಗ್ಯಾಸ್ಕೆಟ್ ಕಾಲದ ಹೆಡ್. ಅದು ದಪ್ಪ, ಮೆತ್ತಗೆ, ಸಣ್ಣಪುಟ್ಟ ಗೀರುಗಳನ್ನು ತುಂಬಿಕೊಳ್ತಿತ್ತು. ಈಗ ಬರೋದು ಬಹುತೇಕ ಎಂಎಲ್‌ಎಸ್, ಅಂದರೆ ಉಕ್ಕಿನ ತೆಳು ಪದರಗಳ ಗ್ಯಾಸ್ಕೆಟ್. ಅದಕ್ಕೆ ಮೇಲ್ಮೈ ಒರಟುತನ ಸಾಮಾನ್ಯವಾಗಿ ಸುಮಾರು 0.8 ಮೈಕ್ರಾನ್‌ಗಿಂತ ಕಡಿಮೆ ಇರಬೇಕು. ಗಾಜು, ಎಮರಿಯಿಂದ ಆ ನಯ ಬರಬಹುದು, ಇಲ್ಲ ಅನ್ನಲ್ಲ. ಕಷ್ಟ ಇರೋದು ಸಮತಟ್ಟಿನಲ್ಲಿ. ಕೈ ಭಾರ ಒಂದು ಕಡೆ ಜಾಸ್ತಿ ಬಿದ್ದರೂ ಅಂಚು ದುಂಡಗಾಗುತ್ತೆ, ಸ್ಟ್ರೈಟ್ ಎಡ್ಜ್ (ನೇರ ಉಕ್ಕಿನ ಪಟ್ಟಿ) ಇಟ್ಟಾಗ ನಡು ಸರಿಯಾಗಿದೆ ಅನ್ನಿಸುತ್ತೆ, ಸೋರೋದು ಅಂಚಿನಲ್ಲಿ.

ಬಿಸಿಯಾದರೆ ಯಾಕೆ ಬಾಗುತ್ತೆ ಅಂತ ಲೆಕ್ಕ ನೋಡಿ. ಅಲ್ಯೂಮಿನಿಯಂ ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತೆ. ಎರಕದ ಕಬ್ಬಿಣ ಸುಮಾರು 11. ಹೆಡ್ ಉದ್ದ 400 ಮಿ.ಮೀ. ಅಂತಿಟ್ಕೊಂಡರೆ, 100 ಡಿಗ್ರಿ ಏರಿದಾಗ ಹೆಡ್ 0.92 ಮಿ.ಮೀ. ಬೆಳೆಯೋಕೆ ನೋಡುತ್ತೆ, ಬ್ಲಾಕ್ ಬೆಳೆಯೋದು 0.44. ಮಾಮೂಲಿ ಓಟದಲ್ಲಿ ಗ್ಯಾಸ್ಕೆಟ್ ಮೇಲೆ ಆಚೀಚೆ ಸ್ವಲ್ಪ ಜಾರಿಕೊಂಡು ಸುಧಾರಿಸುತ್ತೆ. ಕೂಲೆಂಟ್ ಇಲ್ಲದೆ ಓಡಿದರೆ ಬೋಲ್ಟ್‌ಗಳು ಬಿಗಿಹಿಡಿದಿರೋ ಹೆಡ್‌ಗೆ ಹೋಗೋಕೆ ಜಾಗ ಇರಲ್ಲ, ನಡು ಮೇಲಕ್ಕೆ ಉಬ್ಬುತ್ತೆ.

ಲೇತ್ ಮನೆ
ಮೈಕ್ರಾನ್ ಅರ್ಧ ಹೇಳಿದ್ದಾರೆ. ನಾನು ಹೊಟ್ಟೆಪಾಡಿಗೆ ಇದನ್ನೇ ಮಾಡೋನು, ಉಳಿದರ್ಧ ಹೇಳ್ತೀನಿ.

ನಡು ಉಬ್ಬಿದಾಗ ಬಾಗೋದು ಕೆಳಗಿನ ಫೇಸ್ ಒಂದೇ ಅಲ್ಲ, ಇಡೀ ಹೆಡ್. ಮೇಲೆ ಕ್ಯಾಮ್ ಕೂರೋ ಬೋರ್‌ಗಳೂ ಅದೇ ಬಾಗಿನಲ್ಲಿ ಸಾಲು ತಪ್ಪಿರುತ್ತವೆ. ಬಾಗಿದ ಹಲಗೆಯ ಕೆಳಗಡೆ ಮಾತ್ರ ಹತ್ತರಿ ಹೊಡೆದರೆ ಮೇಲ್ಗಡೆಯ ಸೊಟ್ಟ ಎಲ್ಲಿಗೆ ಹೋಗುತ್ತೆ? ಫೇಸಿಂಗ್ (ಫೇಸನ್ನು ಮೆಷೀನ್‌ನಲ್ಲಿ ಕೆತ್ತಿ ಸಮ ಮಾಡೋದು) ಮಾಡಿಸಿ ಫಳಫಳ ಹೊಳೆಯೋ ಹೆಡ್ ಹಾಕಿ, ಆಮೇಲೆ ಕ್ಯಾಮ್ ಜಾಮ್ ಆಗಿ ಬೆಲ್ಟ್ ಹರಿದುಕೊಂಡ ಕಾರುಗಳನ್ನು ನೋಡಿದ್ದೀನಿ. ಕ್ಯಾಮೇ ಮುರಿದಿದ್ದೂ ಉಂಟು. ದೂರು ಬರೋದು ಬೆಲ್ಟ್ ಮೇಲೆ, ತಪ್ಪು ಇರೋದು ಬಾಗಿದ ಬೋರ್‌ನಲ್ಲಿ.

ಪರೀಕ್ಷೆ ಸುಲಭ, ಮನೇಲೇ ಆಗುತ್ತೆ. ಹೆಡ್ ಇಳಿಸಿ, ಕ್ಯಾಮ್‌ಗೂ ವಾಲ್ವ್‌ಗೂ ನಡುವಿನ ಟ್ಯಾಪೆಟ್‌ಗಳನ್ನು ತೆಗೆದು, ಬರೀ ಕ್ಯಾಮ್ ಇಟ್ಟು, ಎಣ್ಣೆ ಹಚ್ಚಿ, ಕ್ಯಾಪ್‌ಗಳನ್ನು ಅದರದರ ಜಾಗದಲ್ಲೇ ಹೇಳಿದ ಟಾರ್ಕ್‌ಗೆ ಬಿಗಿಯಿರಿ. ಎರಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು. ಒಂದು ಜಾಗದಲ್ಲಿ ಹಿಡಿದರೂ ಹೆಡ್ ಬಾಗಿದೆ, ಇಲ್ಲ ಕ್ಯಾಮ್ ಬಾಗಿದೆ. ಕ್ಯಾಪ್ ನಂಬರ್, ಬಾಣದ ಗುರುತು ನೋಡಿ ಇಡಿ. ಹೆಡ್ ಜೊತೆ ಕೂಡಿಸಿಯೇ ಬೋರ್ ಮಾಡಿರೋದರಿಂದ ಆಚೀಚೆ ಬದಲಾದರೆ ಕೆಲಸ ಕೆಡುತ್ತೆ. ಬೇರೆ ಹೆಡ್‌ನ ಕ್ಯಾಪ್ ತಂದು ಹಾಕೋದಂತೂ ಬೇಡವೇ ಬೇಡ.

ಈ ಪರೀಕ್ಷೆ ಆಗೋವರೆಗೆ ಯಾರಿಗೂ ಫೇಸಿಂಗ್‌ಗೆ ಕೊಡಬೇಡಿ. ಗಾಜು, ಎಮರಿ ಮಾತು ಆಮೇಲೆ.

ಹಳೇ ಪಿಸ್ಟನ್
ನಮ್ಮ ಇಂಜಿನ್‌ಗಳಲ್ಲಿ ಕ್ಯಾಮ್ ಬ್ಲಾಕ್‌ನಲ್ಲೇ ಇತ್ತು, ಪುಷ್‌ರಾಡ್. ಹೆಡ್ ಸೊಟ್ಟಗಾದರೂ ಕ್ಯಾಮ್‌ಗೆ ಏನೂ ಆಗ್ತಿರಲಿಲ್ಲ. ಅದಕ್ಕೇ ಉಜ್ಜಿದರೆ ಸಾಕಾಗ್ತಿತ್ತು. ಡಬಲ್ ಕ್ಯಾಮ್ ಅಂದ ಮೇಲೆ ಲೇತ್ ಮನೆ ಹೇಳಿದ್ದು ಸರಿ ಇರಬಹುದು. ಆದರೂ ಎಲ್ಲಕ್ಕೂ ಮೆಷೀನ್ ಶಾಪ್ ಅನ್ನೋದನ್ನ ಒಪ್ಪಲ್ಲ.

ಭಾನುವಾರದ ಸ್ಪ್ಯಾನರ್
ಲೇತ್ ಮನೆ ಸಾರ್, ಇದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಇಳಿಸುವಾಗ ಏನೇನು ನೋಡಿಕೊಳ್ಳಬೇಕು?

ಗ್ಯಾರೇಜ್ ಹುಡುಗಿ
ಇಂಜಿನ್ ಪೂರ್ತಿ ತಣ್ಣಗಿರಲಿ, ಹಿಂದಿನ ರಾತ್ರಿಯಿಂದ ನಿಂತಿದ್ದರೆ ಒಳ್ಳೇದು. ಹೆಡ್ ಬೋಲ್ಟ್ ಸಡಿಲಿಸೋದು ಹೊರತುದಿಯಿಂದ ಒಳಕ್ಕೆ, ಮತ್ತೆ ಬಿಗಿಯೋದು ನಡುವಿಂದ ಹೊರಕ್ಕೆ. ಒಂದೇ ಸಲಕ್ಕೆ ಪೂರ್ತಿ ಸಡಿಲಿಸದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ. ಬಿಸಿ ಹೆಡ್‌ನ ಒಂದು ತುದಿ ಬೋಲ್ಟ್ ಬಿಚ್ಚಿದರೆ ಸರಿಯಿದ್ದ ಹೆಡ್ಡೂ ಬಾಗುತ್ತೆ.

ಕ್ಯಾಮ್ ಮೇಲಿರುವಾಗಲೇ ಹೆಡ್ ಇಳಿಸಿದರೆ ಟೇಬಲ್ ಮೇಲೆ ಫೇಸ್ ಕೆಳಗೆ ಮಾಡಿ ಇಡಬೇಡಿ. ಒಂದೆರಡು ವಾಲ್ವ್ ತೆರೆದೇ ಇರುತ್ತವೆ, ಹೆಡ್‌ನ ಭಾರಕ್ಕೆ ಬಾಗುತ್ತವೆ. ಎರಡು ಮರದ ತುಂಡುಗಳ ಮೇಲೆ ಇಡಿ. ರಟ್ಟಿಗೆ ತೂತು ಕೊರೆದು, ನಂಬರ್ ಬರೆದು, ವಾಲ್ವ್, ಟ್ಯಾಪೆಟ್, ಶಿಮ್ (ಸಂದು ಹೊಂದಿಸೋ ತೆಳು ಬಿಲ್ಲೆ) ಎಲ್ಲ ಕ್ರಮವಾಗಿ ಜೋಡಿಸಿ. ಹಳೇ ವಾಲ್ವ್ ಅದರ ಹಳೇ ಗೈಡ್‌ಗೇ (ವಾಲ್ವ್ ಜಾರೋ ಕೊಳವೆ) ಹೋಗಬೇಕು.

ಕಾರ್ಬನ್ ಕೈ
ಗ್ಯಾಸ್ಕೆಟ್ ಅಂಟು ಕೆರೆಯೋಕೆ ಡ್ರಿಲ್‌ಗೆ ಸಿಕ್ಕಿಸೋ ಒರಟು ಡಿಸ್ಕ್ ಬಳಸಬೇಡಿ. ಅದರಲ್ಲಿರೋದು ಅಲ್ಯೂಮಿನಿಯಂ ಆಕ್ಸೈಡ್ ಪುಡಿ. ಆಯಿಲ್ ದಾರಿಗೆ ಬಿದ್ದರೆ ಬೇರಿಂಗ್ ತಿಂದುಹಾಕುತ್ತೆ. ಜನರಲ್ ಮೋಟರ್ಸ್ ಇದೇ ವಿಷಯಕ್ಕೆ ತನ್ನ ಮೆಕ್ಯಾನಿಕ್‌ಗಳಿಗೆ ಸರ್ವಿಸ್ ಬುಲೆಟಿನ್ ಕಳಿಸಿ ಎಚ್ಚರಿಸಿತ್ತು. ಮೇಲಾಗಿ ಡಿಸ್ಕ್ ಅಲ್ಯೂಮಿನಿಯಂನಲ್ಲಿ ಕಣ್ಣಿಗೆ ಕಾಣದ ಗುಂಡಿ ತೋಡುತ್ತೆ. ಪ್ಲಾಸ್ಟಿಕ್ ಸ್ಕ್ರೇಪರ್, ಗ್ಯಾಸ್ಕೆಟ್ ರಿಮೂವರ್, ತಾಳ್ಮೆ, ಇಷ್ಟು ಸಾಕು.

ತಣ್ಣಗಿರಿ
ತಾಳ್ಮೆ ಎಲ್ಲಿ ಸಿಗುತ್ತೆ ಅಂತಲೂ ಹೇಳಿಬಿಡಿ.

ನೂರೆಂಟು ಪ್ರಶ್ನೆ
ನಮ್ಮ ಪಕ್ಕದವರು ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸಿದರೆ ಹೆಡ್ ಹೊಸದಾಗುತ್ತೆ ಅಂದರು. ನಿಜವಾ?

ಲೇತ್ ಮನೆ
ಕಬ್ಬಿಣದ ಹೆಡ್ಡಾದರೆ ಆಗುತ್ತೆ. ಅಲ್ಯೂಮಿನಿಯಂ ಆದರೆ ಹೆಡ್ಡೇ ಕರಗೋಕೆ ಶುರುವಾಗುತ್ತೆ, ಜೊತೆಗೆ ಹೈಡ್ರೋಜನ್ ಗ್ಯಾಸ್ ಏಳುತ್ತೆ. ಬೀಡಿ ಸೇದೋರು ಪಕ್ಕದಲ್ಲಿದ್ದರೆ ಮುಗೀತು. ಸೀಮೆಎಣ್ಣೆ, ಬ್ರಷ್, ಅಲ್ಯೂಮಿನಿಯಂಗೆ ಆಗುತ್ತೆ ಅಂತ ಬರೆದಿರೋ ಡಿಗ್ರೀಸರ್, ಅಷ್ಟೇ.

ಡೀಸೆಲ್ ಪ್ರಿಯ
ಡೀಸೆಲ್‌ನವರೂ ಓದ್ತಿದ್ದರೆ ಒಂದು ಮಾತು. ಕೆಲವು ಡೀಸೆಲ್ ಹೆಡ್‌ಗಳನ್ನು ಫೇಸಿಂಗ್ ಮಾಡಲೇಬಾರದು ಅಂತ ಮ್ಯಾನ್ಯುಯಲ್‌ನಲ್ಲೇ ಇರುತ್ತೆ. ಪಿಸ್ಟನ್ ಬ್ಲಾಕ್‌ಗಿಂತ ಮೇಲೆ ಬರುತ್ತೆ, ವಾಲ್ವ್‌ಗೂ ಅದಕ್ಕೂ ಇರೋ ಜಾಗ ತೀರಾ ಕಡಿಮೆ. ಗ್ಯಾಸ್ಕೆಟ್ ಕೂಡ ಒಂದೇ ದಪ್ಪದ್ದು ಬರಲ್ಲ. ಪಿಸ್ಟನ್ ಎಷ್ಟು ಮೇಲೆ ಬರುತ್ತೆ ಅಂತ ಡಯಲ್ ಗೇಜ್‌ನಲ್ಲಿ ಅಳೆದು, ಅಂಚಿನ ಕಚ್ಚು ಅಥವಾ ತೂತುಗಳ ಎಣಿಕೆ ನೋಡಿ ತಗೋಬೇಕು. ಎರಡು ವಾಲ್ವ್ ಸೀಟ್ ನಡುವಿನ ಕೂದಲೆಳೆಯ ಬಿರುಕನ್ನು ಕೆಲವು ತಯಾರಕರು ಒಂದು ಮಿತಿಯವರೆಗೆ ಒಪ್ಪುತ್ತಾರೆ, ಆದರೆ ಮಿತಿ ಎಷ್ಟು ಅಂತ ನಿಮ್ಮ ಇಂಜಿನ್ ಮ್ಯಾನ್ಯುಯಲ್ಲೇ ಹೇಳಬೇಕು, ಅಂಗಡಿಯವರಲ್ಲ.

ಭಾನುವಾರದ ಸ್ಪ್ಯಾನರ್
ಇಳಿಸಿದೆ. ಲೀಕ್‌ಡೌನ್‌ನಲ್ಲಿ 2ನೇ ಸಿಲಿಂಡರ್ ಗಾಳಿ 3ನೆಯದರಲ್ಲಿ ಬರ್ತಿತ್ತು, ನೋಡಿದರೆ ಅಲ್ಲೇ ಗ್ಯಾಸ್ಕೆಟ್ ಸುಟ್ಟು ಕಪ್ಪಾಗಿದೆ. ಸ್ಟ್ರೈಟ್ ಎಡ್ಜ್ ಉದ್ದಕ್ಕೆ, ಅಡ್ಡಕ್ಕೆ, ಎರಡೂ ಮೂಲೆಗೆ ಇಟ್ಟು ನೋಡಿದೆ. ಉದ್ದಕ್ಕೆ ಇಟ್ಟಾಗ ನಡುವೆ 0.15 ಮಿ.ಮೀ. ಫೀಲರ್ ಸಲೀಸಾಗಿ ಹೋಗುತ್ತೆ. ಮ್ಯಾನ್ಯುಯಲ್ ಮಿತಿ 0.05. ಬ್ಲಾಕ್ ಫೇಸ್ ಮಿತಿಯೊಳಗೇ ಇದೆ. ಆಮೇಲೆ ಕ್ಯಾಮ್ ಪರೀಕ್ಷೆ: ಇನ್‌ಟೇಕ್ ಕ್ಯಾಮ್ ಬಿಗಿ ತಿರುಗುತ್ತೆ, ಎಕ್ಸಾಸ್ಟ್ ಕ್ಯಾಮ್ ನಡು ಕ್ಯಾಪ್ ಬಿಗಿದ ತಕ್ಷಣ ನಿಂತೇ ಹೋಗುತ್ತೆ. ಆ ಕ್ಯಾಪ್ ಸಡಿಲಿಸಿದರೆ ತಿರುಗುತ್ತೆ.

ಮೈಕ್ರಾನ್
ಇನ್ನೇನು ಬೇಕು. ಗಾಜನ್ನು ಕಿಟಕಿಗೆ ಹಾಕಿಕೊಳ್ಳಿ.

ಹಳೇ ಪಿಸ್ಟನ್
😀 ಸರಿ ಕಣಯ್ಯಾ.

ಲೇತ್ ಮನೆ
ನಡು ಕ್ಯಾಪ್‌ನಲ್ಲಿ ಹಿಡಿಯೋದು ಅಂದರೆ ಹೆಡ್ ಬಾಗಿದ್ದೇ. ಇದನ್ನು ಮೊದಲು ನೆಟ್ಟಗೆ ಮಾಡಬೇಕು, ಆಮೇಲೆ ಕೆತ್ತಬೇಕು. ದಪ್ಪ ಉಕ್ಕಿನ ಪ್ಲೇಟ್ ಮೇಲೆ ಎರಡೂ ತುದಿಯಡಿ ಶಿಮ್ ಇಟ್ಟು, ನಡುವನ್ನು ಬೋಲ್ಟ್‌ನಿಂದ ಕೆಳಕ್ಕೆ ಎಳೆದು, ಇಡೀ ಹೆಡ್ಡನ್ನು ಓವನ್‌ನಲ್ಲಿ ಗಂಟೆಗಟ್ಟಲೆ ಕಾಯಿಸಿ, ಒಳಗೇ ನಿಧಾನವಾಗಿ ಆರೋಕೆ ಬಿಡ್ತಾರೆ. ತಣ್ಣಗಿನ ಹೆಡ್ಡನ್ನು ಪ್ರೆಸ್‌ನಲ್ಲಿ ಒತ್ತಿ ನೆಟ್ಟಗೆ ಮಾಡ್ತೀನಿ ಅನ್ನೋ ಕಡೆಯಿಂದ ಹೆಡ್ ವಾಪಸ್ ತಗೊಂಡು ಬನ್ನಿ, ಸೀಳುತ್ತೆ. ನೆಟ್ಟಗಾದ ಮೇಲೂ ಕ್ಯಾಮ್ ಬಿಗಿಯಿದ್ದರೆ ಲೈನ್ ಬೋರಿಂಗ್, ಅಂದರೆ ಕ್ಯಾಮ್ ಬೋರ್‌ಗಳನ್ನೆಲ್ಲ ಒಂದೇ ಸಾಲಿಗೆ ಕೊರೆಯೋದು.

ಕೊಡುವಾಗ ಕ್ರಮ ಹೇಳಿ ಕೊಡಿ. ತೊಳೆದ ತಕ್ಷಣ ಪ್ರೆಷರ್ ಟೆಸ್ಟ್, ಹೆಡ್ ಬಿಸಿ ಇದ್ದಾಗಲೇ ಆದರೆ ಇನ್ನೂ ಒಳ್ಳೇದು, ತಣ್ಣಗಿದ್ದಾಗ ಮುಚ್ಚಿಕೊಳ್ಳೋ ಬಿರುಕು ಆಗ ಬಾಯಿ ತೆರೆಯುತ್ತೆ. ಎಲ್ಲ ಕೆಲಸ ಮುಗಿಸಿ ಕೊನೆಗೆ ಬಿರುಕು ಕಂಡರೆ ಖರ್ಚು ನಿಮ್ಮ ತಲೆಗೆ. ಕಬ್ಬಿಣಕ್ಕೆ ಮಾಡೋ ಮ್ಯಾಗ್ನೆಟ್ ಪುಡಿ ಪರೀಕ್ಷೆ ಅಲ್ಯೂಮಿನಿಯಂಗೆ ನಡೆಯಲ್ಲ, ಬಣ್ಣದ ಪೆನೆಟ್ರಂಟ್ ಬೇಕು. ಗಡಸುತನವನ್ನೂ ಅಳೆಸಿ. ಹೆಚ್ಚು ಕಾದ ಅಲ್ಯೂಮಿನಿಯಂ ಮೆತ್ತಗಾಗಿರುತ್ತೆ, ಎಷ್ಟೇ ಚೆನ್ನಾಗಿ ಕೆತ್ತಿದರೂ ಬೋಲ್ಟ್ ಅಡಿ ತಗ್ಗಿ ಗ್ಯಾಸ್ಕೆಟ್ ಮತ್ತೆ ಹೋಗುತ್ತೆ. ಅಂಥ ಹೆಡ್‌ಗೆ ದುಡ್ಡು ಹಾಕೋ ಬದಲು ಬೇರೆ ಹೆಡ್ ಹುಡುಕಿ.

ಗೈಡ್ ಬದಲಾಯಿಸೋದಿದ್ದರೆ ಸೀಟ್ ಕೆತ್ತೋದಕ್ಕಿಂತ ಮೊದಲು. ಸೀಟ್ ಕಟರ್‌ನ ಪೈಲಟ್ ಕೂರೋದೇ ಗೈಡ್‌ನಲ್ಲಿ, ಗೈಡ್ ಬದಲಾದರೆ ಕೇಂದ್ರ ಬದಲಾಗುತ್ತೆ. ಎಷ್ಟು ಕೆತ್ತಿದರು ಅಂತ ಬರೆಸಿಕೊಳ್ಳಿ. ಹೆಡ್‌ನ ಕನಿಷ್ಠ ಎತ್ತರ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ತುಂಬಾ ಕೆತ್ತಿದರೆ ಕಂಪ್ರೆಷನ್ ಏರುತ್ತೆ, ವಾಲ್ವ್ ಪಿಸ್ಟನ್‌ಗೆ ಹತ್ತಿರ ಬರುತ್ತೆ, ಕ್ಯಾಮ್ ಕ್ರ್ಯಾಂಕ್‌ಗೆ ಹತ್ತಿರವಾಗಿ ಟೈಮಿಂಗ್ ಸ್ವಲ್ಪ ಹಿಂದೆ ಬೀಳುತ್ತೆ.

ನೂರೆಂಟು ಪ್ರಶ್ನೆ
ಹಾಗಾದರೆ ಮನೇಲಿ ಮಾಡೋಕೆ ಉಳಿದಿದ್ದೇನು?

ಕಾರ್ಬನ್ ಕೈ
ಬೇಕಾದಷ್ಟು. ಬಿಚ್ಚೋದು, ತೊಳೆಯೋದು, ಅಳೆಯೋದು, ಸೀಲ್ ಹಾಕೋದು, ಶಿಮ್ ಹೊಂದಿಸೋದು, ಜೋಡಿಸೋದು. ಶಾಪ್‌ನಲ್ಲಿ ದುಡ್ಡು ತಿನ್ನೋದೂ ಈ ಬಿಚ್ಚಿ ಜೋಡಿಸೋ ಹೊತ್ತೇ. ಸೀಲ್ ಹಾಕುವಾಗ ವಾಲ್ವ್ ತುದಿಯಲ್ಲಿ ಲಾಕ್ ಕೂರೋ ತೋಡಿಗೆ ಪ್ಲಾಸ್ಟಿಕ್ ಟೋಪಿ ಹಾಕಿ, ಎಣ್ಣೆ ಹಚ್ಚಿ ಇಳಿಸಿ. ಆ ತೋಡಿನ ಚೂಪಂಚು ಹೊಸ ಸೀಲ್ ಕೊಯ್ದರೆ, ತುಂಬ ಹೊತ್ತು ಐಡ್ಲಿಂಗ್ ನಿಂತು ಹೊರಟಾಗಲೆಲ್ಲ ನೀಲಿ ಹೊಗೆ.

ಸೀಟ್ ಸರಿಯಾಯ್ತಾ ಅಂತ ನೋಡೋಕೆ, ಪ್ಲಗ್ ಹಾಕಿ, ಹೆಡ್ ತಿರುವಿ ಚೇಂಬರ್‌ಗೆ ಸೀಮೆಎಣ್ಣೆ ತುಂಬಿ ಪೋರ್ಟ್ ಒಳಗೆ ಟಾರ್ಚ್ ಬಿಡಿ. ಒದ್ದೆಯಾದರೆ ಆ ವಾಲ್ವ್ ಇನ್ನೂ ಕೂತಿಲ್ಲ.

ಕಾರ್ಬುರೇಟರ್ ಕಾಲದವನು
ಸೀಟ್ ವಿಷಯ ಬಂತು ಅಂತ ಕೇಳ್ತೀನಿ. ನನ್ನ ಹಳೇ ಕಾರಿನದು ಕಬ್ಬಿಣದ ಹೆಡ್, ಸೀಟ್ ಬೇರೆ ಕೂರಿಸಿಲ್ಲ, ಹೆಡ್‌ನಲ್ಲೇ ಕೆತ್ತಿದೆ. ಎಕ್ಸಾಸ್ಟ್ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ತುದಿಯ ಸಂದು) ಪದೇ ಪದೇ ಕಡಿಮೆಯಾಗ್ತಿದೆ. ಯಾಕೆ?

ಮೈಕ್ರಾನ್
ಸೀಟ್ ಸವೆದು ವಾಲ್ವ್ ಒಳಕ್ಕೆ ಹೂತುಕೊಳ್ತಿದೆ. ಸೀಸ ಸೇರಿಸಿದ ಪೆಟ್ರೋಲ್ ಇದ್ದಾಗ ಅದರ ಲೇಪ ಸೀಟ್ ಮೇಲೆ ಕೂತು ಕಾಪಾಡ್ತಿತ್ತು. ಆ ಸೀಸದ ರಾಸಾಯನಿಕ, ಟೆಟ್ರಾಈಥೈಲ್ ಲೆಡ್, ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿಗೆ ಸಿಡಿಯೋದು) ತಡೆಯುತ್ತೆ ಅಂತ 1921ರಲ್ಲಿ ಥಾಮಸ್ ಮಿಡ್ಗ್ಲಿ ಕಂಡುಕೊಂಡರು, ಈ ರಕ್ಷಣೆ ಪುಕ್ಕಟೆ ಸಿಕ್ಕಿತು. ಅದು ವಿಷ, ಹೋಗಿದ್ದೇ ಒಳ್ಳೇದು. ಕಾರುಗಳಿಗೆ ಅಂಥ ಪೆಟ್ರೋಲ್ ಮಾರ್ತಿದ್ದ ಕೊನೇ ದೇಶ ಅಲ್ಜೀರಿಯಾ, 2021ರಲ್ಲಿ ನಿಲ್ಲಿಸಿತು. ನಿಮಗೆ ಗಟ್ಟಿ ಸೀಟ್ ಇನ್ಸರ್ಟ್ (ಬೇರೆ ಲೋಹದ ಉಂಗುರ) ಕೂರಿಸೋದೇ ದಾರಿ. ಅಲ್ಯೂಮಿನಿಯಂ ಹೆಡ್‌ನವರಿಗೆ ಈ ತಲೆನೋವಿಲ್ಲ, ಅದರಲ್ಲಿ ಸೀಟ್ ಯಾವಾಗಲೂ ಬೇರೆಯದೇ. ಎಲ್‌ಪಿಜಿ, ಸಿಎನ್‌ಜಿ ಓಡಿಸೋರು ಮಾತ್ರ ಕ್ಲಿಯರೆನ್ಸ್ ನೋಡ್ತಿರಿ, ಒಣ ಇಂಧನ ಸೀಟ್ ಬೇಗ ಸವೆಸುತ್ತೆ.

ಭಾನುವಾರದ ಸ್ಪ್ಯಾನರ್
ಹೆಡ್ ಶಾಪ್‌ನಲ್ಲಿದೆ. ಪ್ರೆಷರ್ ಟೆಸ್ಟ್ ಪಾಸ್, ಗಡಸುತನ ಪರವಾಗಿಲ್ಲ ಅಂದರು, ಓವನ್‌ಗೆ ಹಾಕಿದ್ದಾರೆ. ಅಲ್ಲಿಯವರು ಸೀಟ್ ಕೆತ್ತಿದ ಮೇಲೆ ಲ್ಯಾಪಿಂಗ್ ಬೇಡ ಅಂತಾರೆ. ಪೇಸ್ಟ್ ಹಾಕಿ ಕಡ್ಡಿ ತಿರುಗಿಸೋ ಆಸೆ ನನಗೆ.

ಹಳೇ ಪಿಸ್ಟನ್
ಲ್ಯಾಪ್ ಮಾಡದೆ ವಾಲ್ವ್ ಹಾಕೋದೇ? ಬೂದು ಬಣ್ಣದ ಉಂಗುರ ಸುತ್ತಲೂ ಒಂದೇ ಸಮ ಬಂದರೆ ಮಾತ್ರ ನಂಬಬೇಕು.

ಲೇತ್ ಮನೆ
ಒಳ್ಳೇ ಮೆಷೀನ್‌ನಲ್ಲಿ ಮೂರು ಕೋನದ ಕಟರ್ ಹಾಕಿ ಕೆತ್ತಿದ್ದರೆ ಲ್ಯಾಪಿಂಗ್ ಅಗತ್ಯವಿಲ್ಲ. ಜಾಸ್ತಿ ತಿರುಗಿಸಿದರೆ ವಾಲ್ವ್ ಮುಖದಲ್ಲಿ ತೋಡು ಬೀಳುತ್ತೆ, ಸೀಟ್ ಅಗಲವಾಗುತ್ತೆ. ಇನ್‌ಟೇಕ್ ಸೀಟ್ 1ರಿಂದ 1.5 ಮಿ.ಮೀ., ಎಕ್ಸಾಸ್ಟ್ 1.5ರಿಂದ 2 ಇದ್ದರೆ ಸಾಮಾನ್ಯವಾಗಿ ಸರಿ. ಎಕ್ಸಾಸ್ಟ್ ಯಾಕೆ ಅಗಲ ಅಂದರೆ ಆ ವಾಲ್ವ್‌ನ ಬಿಸಿ ಬಹುಪಾಲು ಇಳಿಯೋದು ಸೀಟ್ ಮೂಲಕವೇ. ಲೇಪ ಇರೋ ವಾಲ್ವ್‌ಗಳಿಗೆ ಪೇಸ್ಟ್ ಹಾಕಿದರೆ ಲೇಪವೇ ಹೋಗುತ್ತೆ. ಆಸೆ ತೀರಬೇಕಾದರೆ ಪೇಸ್ಟ್ ಬದಲು ಪ್ರಷ್ಯನ್ ಬ್ಲೂ (ತಾಗಿದ ಕಡೆ ಗುರುತು ಬಿಡೋ ನೀಲಿ ಬಣ್ಣ) ಹಚ್ಚಿ, ಸ್ವಲ್ಪ ತಿರುಗಿಸಿ ನೋಡಿ. ಅಳತೆ ಅದೇ ಹೇಳುತ್ತೆ, ಲೋಹ ತಿನ್ನಲ್ಲ.

ಹಳೇ ಪಿಸ್ಟನ್
ನೀಲಿ ಹಚ್ಚಿದ ಮೇಲೂ ಒಂದು ಜಾಗದಲ್ಲಿ ಬಿಟ್ಟರೆ?

ಲೇತ್ ಮನೆ
ಸೀಟ್ ಮತ್ತೆ ಕೆತ್ತಬೇಕು, ಇಲ್ಲ ವಾಲ್ವ್ ಬಾಗಿದೆ. ಪೇಸ್ಟ್‌ನಿಂದ ಅದನ್ನು ಮುಚ್ಚಿಹಾಕೋದು ಮೋಸ.

ಹಳೇ ಪಿಸ್ಟನ್
ಮೋಸ ಅಂತ ದೊಡ್ಡ ಮಾತು ಬೇಡ. ಹಳೇ ಸೀಟ್ ಕೆತ್ತದೇ ಉಳಿಸೋವಾಗ ಎರಡು ನಿಮಿಷ ನುಣುಪು ಪೇಸ್ಟ್ ಈಗಲೂ ಕೆಲಸಕ್ಕೆ ಬರುತ್ತೆ.

ಲೇತ್ ಮನೆ
ಅದಕ್ಕೆ ನನ್ನದೂ ಒಪ್ಪಿಗೆ. ಪೇಸ್ಟ್ ಒಂದು ಕಣವೂ ಉಳಿಯದ ಹಾಗೆ ತೊಳೆದರೆ.

ಡೀಸೆಲ್ ಪ್ರಿಯ
ಸೋಡಿಯಂ ತುಂಬಿದ ಎಕ್ಸಾಸ್ಟ್ ವಾಲ್ವ್ ಇದ್ದರೆ ಕತ್ತರಿಸೋದು, ಕುಲುಮೆಗೆ ಎಸೆಯೋದು ಬೇಡ. ನೀರು ತಾಗಿದರೆ ಸಿಡಿಯುತ್ತೆ.

ಗ್ಯಾರೇಜ್ ಹುಡುಗಿ
ಜೋಡಿಸೋಕೆ ಮುಂಚೆ ಬ್ಲಾಕ್‌ನ ಬೋಲ್ಟ್ ತೂತುಗಳನ್ನು ನೋಡಿ. ಕೂಲೆಂಟ್ ಅಥವಾ ಆಯಿಲ್ ನಿಂತಿದ್ದರೆ ಬೋಲ್ಟ್ ಬಿಗಿದಾಗ ದ್ರವಕ್ಕೆ ಹೋಗೋಕೆ ದಾರಿ ಇರಲ್ಲ, ಬ್ಲಾಕ್ ಸೀಳಬಹುದು. ಸಿರಿಂಜ್‌ನಿಂದ ಎಳೆದು, ಬಟ್ಟೆ ಮುಚ್ಚಿ ಗಾಳಿ ಹೊಡೀರಿ, ಕನ್ನಡಕ ಇರಲಿ. ಹೆಡ್ ಮತ್ತೆ ಬ್ಲಾಕ್ ಮೇಲೆ ಕೂರಿಸುವಾಗ ಪಿಸ್ಟನ್‌ಗಳೆಲ್ಲ ಅರ್ಧಕ್ಕೆ ಇಳಿದಿರಲಿ. ಎಂಎಲ್‌ಎಸ್ ಗ್ಯಾಸ್ಕೆಟ್‌ಗೆ ಮ್ಯಾನ್ಯುಯಲ್ ಹೇಳದ ಹೊರತು ಸಿಲಿಕಾನ್ ಬಳಿಯಬೇಡಿ. ಥರ್ಮೋಸ್ಟಾಟ್, ವಾಟರ್ ಪಂಪ್, ರೇಡಿಯೇಟರ್ ಮುಚ್ಚಳ, ಫ್ಯಾನ್ ಸ್ವಿಚ್ ಎಲ್ಲ ಈಗಲೇ ನೋಡಿ. ಹೋಸ್ ಒಂದೇ ಕಾರಣ ಅಂತ ನಂಬಬೇಡಿ, ಒತ್ತಡ ಏರಿ ಹೋಸ್ ಒಡೆದಿದ್ದರೂ ಒಡೆದಿರಬಹುದು.

ನೂರೆಂಟು ಪ್ರಶ್ನೆ
ಹಳೇ ಹೆಡ್ ಬೋಲ್ಟ್ ಮತ್ತೆ ಹಾಕಬಹುದಾ? ನೋಡೋಕೆ ಚೆನ್ನಾಗೇ ಇವೆ.

ಮೈಕ್ರಾನ್
ಟಾರ್ಕ್ ಜೊತೆ ಡಿಗ್ರಿ ಲೆಕ್ಕದಲ್ಲಿ ಬಿಗಿಯೋ ಬೋಲ್ಟ್ ಆದರೆ ಬಹುತೇಕ ಒಮ್ಮೆ ಬಳಸಿ ಎಸೆಯೋದು, ಬಿಗಿದಾಗಲೇ ಎಳೆದು ಹಿಗ್ಗಿರುತ್ತೆ. ಕೆಲವು ತಯಾರಕರು ಉದ್ದ ಅಳೆದು ಮಿತಿಯಲ್ಲಿದ್ದರೆ ಬಳಸಿ ಅಂತಾರೆ. ಮ್ಯಾನ್ಯುಯಲ್ ನೋಡಿ.

ಭಾನುವಾರದ ಸ್ಪ್ಯಾನರ್
ಹೊಸ ಬೋಲ್ಟ್ ತಂದಾಯ್ತು. ಟಾರ್ಕ್ ಆದ ಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ ಅಂತಿದೆ. ಆಂಗಲ್ ಗೇಜ್ ಇಲ್ಲ. ಏನು ಮಾಡಲಿ? ಓಡಿಸಿದ ಮೇಲೆ ಮತ್ತೆ ಬಿಗಿಯಬೇಕಾ?

ಗ್ಯಾರೇಜ್ ಹುಡುಗಿ
ಟಾರ್ಕ್ ಹಂತ ಮುಗಿದ ಮೇಲೆ ಎಲ್ಲ ಬೋಲ್ಟ್ ತಲೆಗೂ ಒಂದೇ ದಿಕ್ಕಿಗೆ ಬಿಳಿ ಬಣ್ಣದ ಗೆರೆ ಎಳೆಯಿರಿ. 90 ಡಿಗ್ರಿ ಆದಾಗ ಗೆರೆಗಳೆಲ್ಲ ಅಡ್ಡಕ್ಕೆ ನಿಲ್ಲಬೇಕು, ಎರಡನೇ ಸುತ್ತಿಗೆ ಹಿಂದುಮುಂದಾಗಬೇಕು. ಯಾವ ಬೋಲ್ಟ್ ಮರೆತಿರಿ ಅಂತಲೂ ದೂರದಿಂದಲೇ ಕಾಣುತ್ತೆ. ಡಿಗ್ರಿ ಹಂತಕ್ಕೆ ಟಾರ್ಕ್ ರೆಂಚ್ ಬೇಡ, ಉದ್ದ ಹಿಡಿಯ ಬಾರ್ ಸಾಕು. ಡಿಗ್ರಿ ಲೆಕ್ಕದ ಬೋಲ್ಟ್‌ಗೆ ಮತ್ತೆ ಬಿಗಿಯೋ ಪದ್ಧತಿ ಇಲ್ಲ.

ಹಳೇ ಪಿಸ್ಟನ್
ನಮ್ಮ ಕಾಲದಲ್ಲಿ ಓಡಿಸಿ ಬಂದು ಮತ್ತೆ ಬಿಗೀತಿದ್ವಿ.

ಮೈಕ್ರಾನ್
ಕಾಂಪೋಸಿಟ್ ಗ್ಯಾಸ್ಕೆಟ್ ಕುಗ್ಗುತ್ತಿತ್ತು, ಅದಕ್ಕೆ. ಇದನ್ನು ಮತ್ತೆ ತಿರುಗಿಸಿದರೆ ಬೋಲ್ಟ್ ಇನ್ನಷ್ಟು ಹಿಗ್ಗುತ್ತೆ ಅಜ್ಜಾ. ಮೊದಲ ಸ್ಟಾರ್ಟ್‌ಗೆ ಮುಂಚೆ ಇಂಧನ ನಿಲ್ಲಿಸಿ, ಪ್ಲಗ್ ತೆಗೆದು ಸ್ಟಾರ್ಟರ್ ತಿರುಗಿಸಿ, ಆಯಿಲ್ ಲೈಟ್ ಆರೋವರೆಗೆ. ಕ್ಯಾಮ್ ಒಣಗಿರಬಾರದು.

ತಣ್ಣಗಿರಿ
ಅದೇ ಹೊತ್ತಿಗೆ ತಮ್ಮನಿಗೆ ಸೂಜಿ ಎಲ್ಲಿದೆ ಅಂತ ತೋರಿಸಿ.

ಕಾರ್ಬುರೇಟರ್ ಕಾಲದವನು
ಮೈಕ್ರಾನ್, ನನ್ನ ಹೆಡ್‌ಗೆ ಇನ್ಸರ್ಟ್ ಕೂರಿಸುವಾಗ ನಾಲ್ಕು ಎಕ್ಸಾಸ್ಟ್‌ಗೆ ಮಾತ್ರ ಸಾಕಾ, ಇನ್‌ಟೇಕ್‌ಗೂ ಬೇಕಾ?

ಲೇತ್ ಮನೆ
ಎಕ್ಸಾಸ್ಟ್ ಸಾಕು, ಇನ್‌ಟೇಕ್ ಅಷ್ಟು ಬಿಸಿಯಾಗಲ್ಲ. ಕೊರೆಯೋಕೆ ಮುಂಚೆ ಸೀಟ್ ಅಡಿಯಲ್ಲಿ ನೀರಿನ ದಾರಿ ಎಷ್ಟು ಹತ್ತಿರ ಇದೆ ಅಂತ ಕೇಳಿ ತಿಳ್ಕೊಳ್ಳಿ. ಕೆಲವು ಕಬ್ಬಿಣದ ಹೆಡ್‌ಗಳಲ್ಲಿ ಅಲ್ಲಿ ಲೋಹ ತೆಳುವಾಗಿರುತ್ತೆ.